ಈವ್ ಆನ್‌ಲೈನ್ ನೌಕೆಗಳ ದೃಶ್ಯ ವಿನ್ಯಾಸ

ಈವ್ ಆನ್‌ಲೈನ್ ನೌಕೆಗಳ ದೃಶ್ಯ ವಿನ್ಯಾಸ ಎಂಬುದು ಐಸ್‌ಲ್ಯಾಂಡ್‌ನ ಸಿಸಿಪಿ ಗೇಮ್ಸ್ ಸಂಸ್ಥೆಯು ರೂಪಿಸಿದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ವೀಡಿಯೊ ಆಟದಲ್ಲಿ ಬಳಕೆಯಾಗುವ ಗಗನನೌಕೆಗಳ ಆಕಾರ, ಬಣ್ಣ ಹಾಗೂ ಮೇಲ್ಮೈ ಚಿತ್ರಣವನ್ನು ಮತ್ತು ಅವುಗಳ ಕುರಿತು ಆಟಗಾರರಲ್ಲಿ ಬೆಳೆದುಬಂದಿರುವ ಅಭಿಪ್ರಾಯಗಳನ್ನು ಒಳಗೊಂಡ ವಿಷಯವಾಗಿದೆ. 2003ರ ಮೇ 6ರಂದು ಬಿಡುಗಡೆಯಾದ ಈ ಆಟದಲ್ಲಿ ನೌಕೆಯ ಹೊರರೂಪವು ಕಾಳಗದ ಫಲಿತಾಂಶದ ಮೇಲೆ ಬಹುಮಟ್ಟಿಗೆ ಪರಿಣಾಮ ಬೀರುವುದಿಲ್ಲ. ಹಾಗಿದ್ದರೂ ನೌಕೆ ಹೇಗೆ ಕಾಣಬೇಕು, ಅದನ್ನು ಬದಲಾಯಿಸುವ ಅಧಿಕಾರ ಯಾರದು, ನೋಟಕ್ಕೆ ಬೆಲೆ ಕಟ್ಟಬಹುದೇ ಎಂಬ ಪ್ರಶ್ನೆಗಳು ಇಲ್ಲಿ ಎರಡು ದಶಕಗಳಿಂದ ಚರ್ಚೆಯಲ್ಲಿವೆ. 2011ರಲ್ಲಿ ಈ ಚರ್ಚೆಯು ಸಂಸ್ಥೆಯ ಅಳಿವು ಉಳಿವಿನ ಪ್ರಶ್ನೆಯೊಂದಿಗೂ ಹೆಣೆದುಕೊಂಡಿತ್ತು.

ಹಿನ್ನೆಲೆ

ವೀಡಿಯೊ ಆಟಗಳ ಇತಿಹಾಸದಲ್ಲಿ ಗಗನನೌಕೆಯ ಚಿತ್ರವು ಆಟಗಳಷ್ಟೇ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸಲ್ ಮತ್ತು ಗೆಳೆಯರು ಪಿಡಿಪಿ-1 ಗಣಕಕ್ಕಾಗಿ 1962ರಲ್ಲಿ ಸಿದ್ಧಪಡಿಸಿದ ಸ್ಪೇಸ್‌ವಾರ್ ಆಟದಲ್ಲಿ ಎರಡು ನೌಕೆಗಳಿದ್ದವು. ಒಂದು ಸೂಜಿಯಂತೆ ನೀಳವಾಗಿತ್ತು, ಇನ್ನೊಂದು ಬೆಣೆಯಂತೆ ದಪ್ಪವಾಗಿತ್ತು. ಕಪ್ಪು ಪರದೆಯ ಮೇಲೆ ತನ್ನ ನೌಕೆ ಯಾವುದು, ಎದುರಾಳಿಯದು ಯಾವುದು ಎಂಬುದು ಕ್ಷಣದಲ್ಲಿ ತಿಳಿಯಬೇಕಿತ್ತು. ಆಕಾರದ ಕೆಲಸ ಅಷ್ಟೇ ಆಗಿತ್ತು. 1979ರ ಆಸ್ಟರಾಯ್ಡ್ಸ್ ಆಟದ ನೌಕೆ ಗೆರೆಗಳಿಂದ ಎಳೆದ ಪುಟ್ಟ ತ್ರಿಕೋನ ಮಾತ್ರ.

ನೌಕೆಗೆ ಹೆಸರು, ವಂಶ ಮತ್ತು ವ್ಯಕ್ತಿತ್ವ ಬಂದದ್ದು 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ರಚಿಸಿದ ಎಲೀಟ್ ಆಟದಿಂದ. ಬಿಬಿಸಿ ಮೈಕ್ರೊ ಗಣಕದ ಅತಿ ಕಡಿಮೆ ಸ್ಮೃತಿಯಲ್ಲಿ ಮೂರು ಆಯಾಮದ ನೌಕೆಗಳನ್ನು ಬರಿಯ ರೇಖೆಗಳ ಚೌಕಟ್ಟಾಗಿ ಬಿಡಿಸಲಾಗಿತ್ತು. ಕೋಬ್ರಾ, ಪೈಥಾನ್, ಮಾಂಬಾ, ವೈಪರ್ ಎಂದು ಬಹುತೇಕ ನೌಕೆಗಳಿಗೆ ಹಾವುಗಳ ಹೆಸರನ್ನಿಡಲಾಯಿತು. ಸಿಸಿಪಿಯ ಸ್ಥಾಪಕರು ತಮ್ಮ ಆಟಕ್ಕೆ ಪ್ರೇರಣೆಯೆಂದು ಎಲೀಟನ್ನು ಹೆಸರಿಸಿದ್ದಾರೆ. 1999ರಲ್ಲಿ ಕೆನಡಾದ ರೆಲಿಕ್ ಸಂಸ್ಥೆ ಹೊರತಂದ ಹೋಮ್‌ವರ್ಲ್ಡ್ ಆಟವು ಬ್ರಿಟಿಷ್ ಚಿತ್ರಕಾರ ಕ್ರಿಸ್ ಫಾಸ್ ಅವರ ವಿಜ್ಞಾನಕಥಾ ಪುಸ್ತಕಗಳ ಮುಖಪುಟಗಳ ಪ್ರಭಾವದಲ್ಲಿ ಢಾಳಾದ ಬಣ್ಣದ ಪಟ್ಟೆಗಳುಳ್ಳ ನೌಕೆಗಳನ್ನು ತಂದಿತು. ಈವ್ ಆನ್‌ಲೈನ್ ಈ ಪರಂಪರೆಯ ಮುಂದಿನ ಘಟ್ಟ.

ಸಿಸಿಪಿ ಸಂಸ್ಥೆಯು 1997ರಲ್ಲಿ ರೇಕ್ಯಾವಿಕ್ ನಗರದಲ್ಲಿ ಆರಂಭವಾಯಿತು. ಗಣಕದ ಆಟಕ್ಕೆ ಬೇಕಾದ ಹಣ ಹೊಂದಿಸಲು ಅದು ಮೊದಲು ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಒಂದು ಮಣೆಯಾಟವನ್ನು ಪ್ರಕಟಿಸಿ ಮಾರಿತು. 2018ರಲ್ಲಿ ದಕ್ಷಿಣ ಕೊರಿಯಾದ ಪರ್ಲ್ ಅಬಿಸ್ ಸಂಸ್ಥೆ ಸಿಸಿಪಿಯನ್ನು ಕೊಂಡುಕೊಂಡಿತು.

ನೌಕೆಯೇ ಆಟಗಾರನ ಶರೀರ

ಈ ಆಟದಲ್ಲಿ ನೋಟಕ್ಕೆ ಏಕಿಷ್ಟು ಮಹತ್ವ ಬಂದಿತೆಂಬುದನ್ನು ತಿಳಿಯಲು ಆಟದ ರಚನೆಯನ್ನು ಗಮನಿಸಬೇಕು. ಆಟ ನಡೆಯುವ ನ್ಯೂ ಈಡನ್ ಎಂಬ ನಕ್ಷತ್ರಲೋಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಸೌರಮಂಡಲಗಳಿದ್ದು, ಚೀನಾದ ಪ್ರತ್ಯೇಕ ಆವೃತ್ತಿಯನ್ನು ಬಿಟ್ಟರೆ ಜಗತ್ತಿನ ಎಲ್ಲ ಆಟಗಾರರೂ ಒಂದೇ ಲೋಕದಲ್ಲಿ ಆಡುತ್ತಾರೆ. ಇತರ ಬಹುಜನ ಆಟಗಳಲ್ಲಿ ಆಟಗಾರನಿಗೆ ನಡೆದಾಡುವ ಮಾನವ ದೇಹವಿರುತ್ತದೆ. ಇಲ್ಲಿ ಆತ ಮೊಟ್ಟೆಯಾಕಾರದ ಒಂದು ಕೋಶದೊಳಗೆ ದ್ರವದಲ್ಲಿ ಮುಳುಗಿರುವ ಚಾಲಕ. ಮುಖವು ಒಂದು ಪುಟ್ಟ ಭಾವಚಿತ್ರವಾಗಿ ಮಾತ್ರ ಕಾಣುತ್ತದೆ. ಪರದೆಯ ನಡುವೆ ಸದಾ ನಿಲ್ಲುವುದು ನೌಕೆ.

ಎರಡನೆಯ ಕಾರಣ ನಷ್ಟ. ಇಲ್ಲಿ ನಾಶವಾದ ನೌಕೆ ಮತ್ತೆ ಹುಟ್ಟುವುದಿಲ್ಲ. ಆಟಗಾರರೇ ಅದಿರು ಅಗೆದು, ಕಾರ್ಖಾನೆಯಲ್ಲಿ ಕಟ್ಟಿ, ಮಾರುಕಟ್ಟೆಯಲ್ಲಿ ಮಾರಿದ ನೌಕೆಯನ್ನು ಇನ್ನೊಬ್ಬ ಆಟಗಾರ ತಿಂಗಳುಗಟ್ಟಲೆ ದುಡಿದು ಕೊಂಡಿರುತ್ತಾನೆ; ಒಂದು ತಪ್ಪು ಹೆಜ್ಜೆಯಲ್ಲಿ ಅದು ಚೂರಾಗುತ್ತದೆ. 2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ಮಂಡಲದಲ್ಲಿ ನಡೆದ ಕಾಳಗದಲ್ಲಿ ಆಟದ ಅತಿ ದೊಡ್ಡ ವರ್ಗವಾದ ಟೈಟನ್ ನೌಕೆಗಳು 75 ನಾಶವಾದವು. ಒಟ್ಟು ನಷ್ಟವನ್ನು ಆಟದ ನಾಣ್ಯದಿಂದ ನಿಜವಾದ ಹಣಕ್ಕೆ ಪರಿವರ್ತಿಸಿದರೆ ಮೂರು ಲಕ್ಷ ಡಾಲರ್ ಆಗುತ್ತದೆಂದು ಅಂದಾಜಿಸಲಾಯಿತು. ಸಿಸಿಪಿಯು ಆ ನೌಕೆಗಳ ಅವಶೇಷಗಳನ್ನು ಅದೇ ಮಂಡಲದಲ್ಲಿ ಸ್ಮಾರಕವಾಗಿ ಶಾಶ್ವತವಾಗಿ ಉಳಿಸಿತು. ಕಳೆದುಹೋಗಬಹುದಾದ ವಸ್ತುವಿನ ಮೇಲಿನ ಮೋಹವೇ ಬೇರೆ. ಈ ಆಟದ ನೌಕೆಗಳ ಅಂದಚಂದದ ಕುರಿತ ಚರ್ಚೆಯ ಬಿಸಿಯು ಬಹುಪಾಲು ಇಲ್ಲಿಂದಲೇ ಬಂದಿದೆ.

ಆಕಾರಕ್ಕೂ ಆಟದ ಗಣಿತಕ್ಕೂ ಇರುವ ನಂಟು ಮಾತ್ರ ತೀರಾ ತೆಳುವಾದುದು. ಲೆಕ್ಕಾಚಾರದಲ್ಲಿ ಪ್ರತಿಯೊಂದು ನೌಕೆಯೂ ಒಂದು ಗೋಳ. ರೆಕ್ಕೆ ಎಷ್ಟೇ ಚಾಚಿದ್ದರೂ ಮೂತಿ ಎಷ್ಟೇ ಚೂಪಾಗಿದ್ದರೂ ಗುಂಡು ತಗಲುವುದೋ ಇಲ್ಲವೋ ಎಂಬುದನ್ನು ನೌಕೆಗೆ ನಿಗದಿಪಡಿಸಿದ ಒಂದು ಸಂಖ್ಯೆ, ಅದರ ವೇಗ ಹಾಗೂ ದೂರ ಇವು ನಿರ್ಧರಿಸುತ್ತವೆ. ಆದ್ದರಿಂದ ಕಾರು ಅಥವಾ ವಿಮಾನದ ವಿನ್ಯಾಸದಲ್ಲಿರುವಂತೆ 'ಉಪಯೋಗಕ್ಕಾಗಿ ಈ ಆಕಾರ' ಎಂಬ ಸಮರ್ಥನೆ ವಿನ್ಯಾಸಕಾರರಿಗೆ ಇಲ್ಲಿ ದೊರೆಯುವುದಿಲ್ಲ.

ನಾಲ್ಕು ಸಾಮ್ರಾಜ್ಯಗಳ ಶೈಲಿಗಳು

ಆಟದ ಕಥೆಯಲ್ಲಿ ನಾಲ್ಕು ಪ್ರಮುಖ ರಾಷ್ಟ್ರಗಳಿದ್ದು, ಪ್ರತಿಯೊಂದರ ನೌಕಾಶೈಲಿಯೂ ಆ ರಾಷ್ಟ್ರದ ಇತಿಹಾಸದಿಂದ ಹುಟ್ಟಿದಂತೆ ಕಲ್ಪಿಸಲಾಗಿದೆ.

ಅಮಾರ್ ಒಂದು ಧಾರ್ಮಿಕ ಸಾಮ್ರಾಜ್ಯ. ಇತರ ಜನಾಂಗಗಳನ್ನು ಗುಲಾಮಗಿರಿಗೆ ತಳ್ಳಿದ ಇತಿಹಾಸ ಅದರದು. ಇದರ ನೌಕೆಗಳು ಚಿನ್ನದ ಬಣ್ಣದವು, ನುಣುಪಾದ ಬಾಗುಗಳುಳ್ಳವು. ದೇವಾಲಯದ ಕಳಶವನ್ನು ಅಡ್ಡಲಾಗಿ ಮಲಗಿಸಿದಂತೆ ಕೆಲವು ತೋರುತ್ತವೆ. ಅಪಾಕಲಿಪ್ಸ್, ಆರ್ಮಗೆಡನ್, ಪ್ರಾಫೆಸಿ ಮುಂತಾದ ಹೆಸರುಗಳು ಧರ್ಮಗ್ರಂಥದ ಧಾಟಿಯವು. ಇದೇ ಸಾಮ್ರಾಜ್ಯದ ಟೈಟನ್ ನೌಕೆಗೆ ಅವತಾರ್ ಎಂದು ಹೆಸರು. ಕಾಲ್ಡಾರಿ ಎಂಬುದು ವ್ಯಾಪಾರ ಸಂಸ್ಥೆಗಳೇ ಆಳುವ ರಾಜ್ಯ. ಇದರ ನೌಕೆಗಳು ಬೂದು ಮತ್ತು ನೀಲಿ ಛಾಯೆಯ, ಮೂಲೆಮೂಲೆಯಾದ, ಕೈಗಾರಿಕಾ ಕಟ್ಟಡಗಳನ್ನು ನೆನಪಿಸುವ ಆಕಾರದವು. ರೇವನ್, ಮರ್ಲಿನ್, ಕೆಸ್ಟ್ರೆಲ್, ಮೋವಾ ಎಂದು ಹಕ್ಕಿಗಳ ಹೆಸರುಗಳಿದ್ದರೂ ಹಾರುವ ಹಕ್ಕಿಯ ಲಾಘವ ಅವುಗಳಲ್ಲಿ ಕಾಣುವುದು ಅಪರೂಪ. ಡ್ರೇಕ್ ನೌಕೆಯನ್ನು ಆಟಗಾರರು ಇಟ್ಟಿಗೆಗೆ ಹೋಲಿಸುತ್ತಾರೆ.

ಗ್ಯಾಲೆಂಟೆ ಒಂದು ಪ್ರಜಾಪ್ರಭುತ್ವ ಒಕ್ಕೂಟ. ಇದರ ನೌಕೆಗಳು ದುಂಡಗೆ, ಜೀವಿಗಳ ದೇಹದಂತೆ ಉಬ್ಬಿದ ಹಸಿರುಮಿಶ್ರಿತ ಮೈಯವು. ಅವುಗಳಲ್ಲಿ ಡೋಮಿನಿಕ್ಸ್ ಎಂಬ ಬೃಹತ್ ನೌಕೆಗೆ ಆಲೂಗಡ್ಡೆ ಎಂಬ ಅಡ್ಡಹೆಸರು ಬಹುಕಾಲದಿಂದ ಅಂಟಿಕೊಂಡಿದೆ. ಇದು ಬೈಗುಳವಾಗಿ ಆರಂಭವಾಗಿ ಮುದ್ದಿನ ಹೆಸರಾಗಿ ಮುಗಿದ ಪ್ರಸಂಗ.

ಆಟಗಾರರ ಮಾತಿನಲ್ಲಿ ಅತಿ ಹೆಚ್ಚು ಸ್ಥಾನ ಪಡೆದ ಶೈಲಿಯೆಂದರೆ ಮಿನ್ಮಟಾರ್. ಅಮಾರ್ ಗುಲಾಮಗಿರಿಯಿಂದ ಬಂಡೆದ್ದು ಬಿಡುಗಡೆ ಪಡೆದ ಬುಡಕಟ್ಟುಗಳ ಗಣರಾಜ್ಯವಿದು. ಇದರ ನೌಕೆಗಳು ತುಕ್ಕು ಹಿಡಿದ ತಗಡು, ಬಿಚ್ಚಿಟ್ಟ ಕೊಳವೆ, ತೊಲೆ ಮತ್ತು ಹಾಯಿಯಂತಹ ಫಲಕಗಳ ಜೋಡಣೆಯಂತೆ ಕಾಣುತ್ತವೆ. ಗುಜರಿಯಲ್ಲಿ ಸಿಕ್ಕಿದ್ದನ್ನು ಅಂಟುಪಟ್ಟಿಯಿಂದ ಕಟ್ಟಿ ಹಾರಿಸಿದ್ದಾರೆಂಬ ಹಾಸ್ಯ ಇತರರದ್ದಾದರೆ, ತುಕ್ಕಿನ ಮೇಲೆಯೇ ನಮಗೆ ಭರವಸೆ ಎಂಬ ಮಾತನ್ನು ಮಿನ್ಮಟಾರ್ ಪಕ್ಷದವರು ಘೋಷಣೆಯಾಗಿ ಮಾಡಿಕೊಂಡರು. ರಿಫ್ಟರ್ ಎಂಬ ಚಿಕ್ಕ ನೌಕೆಯು ಹೊಸಬರ ಕೈಗೆ ಎಟುಕುವ ಬೆಲೆಯದಾಗಿದ್ದು, ಆಟದ ಗುರುತಿನ ಚಿಹ್ನೆಯಂತೆಯೇ ಪ್ರಸಿದ್ಧವಾಗಿದೆ. ಬಡತನವೂ ಒಂದು ವಿನ್ಯಾಸಶೈಲಿಯಾಗಬಲ್ಲದು, ಅದನ್ನು ಧರಿಸುವವರು ಅದರಲ್ಲಿ ಹೆಮ್ಮೆಯನ್ನೂ ಕಾಣಬಲ್ಲರು ಎಂಬುದಕ್ಕೆ ರಿಫ್ಟರ್ ಒಳ್ಳೆಯ ಉದಾಹರಣೆ.

ಮುಂದೆ ಸೇರಿದ ಸಣ್ಣ ಬಣಗಳಿಗೂ ಸ್ವಂತ ಶೈಲಿಗಳು ದೊರೆತವು. 2013ರಲ್ಲಿ ಬಂದ ಸಿಸ್ಟರ್ಸ್ ಆಫ್ ಈವ್ ಬಣದ ನೌಕೆಗಳು ಬಿಳಿ ಮತ್ತು ಕೆಂಪು ಬಣ್ಣದವು. 2018ರಲ್ಲಿ ಬಂದ ಟ್ರಿಗ್ಲಾವಿಯನ್ ನೌಕೆಗಳಿಗೆ ಸ್ಲಾವಿಕ್ ಪುರಾಣದ ಛಾಯೆಯ ಹೆಸರುಗಳಿವೆ.

ಸಮಮಿತಿಯ ವಿವಾದ

ನೌಕೆಗಳ ಕುರಿತ ಭಿನ್ನಾಭಿಪ್ರಾಯಗಳಲ್ಲಿ ಅತ್ಯಂತ ಹಳೆಯದೂ ಮತ್ತೆ ಮತ್ತೆ ತಲೆಯೆತ್ತುವುದೂ ಸಮಮಿತಿಯ ಪ್ರಶ್ನೆ. ಈವ್‌ನ ಆರಂಭಿಕ ವಿನ್ಯಾಸಗಳಲ್ಲಿ ಎಡಬಲಗಳು ಒಂದೇ ತೆರನಾಗಿರದ ನೌಕೆಗಳು ಗಮನಾರ್ಹ ಸಂಖ್ಯೆಯಲ್ಲಿದ್ದವು. ಮೋವಾ, ಸ್ಕಾರ್ಪಿಯನ್, ಇಮಿಕಸ್ ಇವು ಅಂತಹವು. ಒಂದು ಬದಿಗೆ ತೋಳು ಚಾಚಿದ್ದರೆ ಇನ್ನೊಂದು ಬದಿ ಬೋಳು, ಕಮಾಂಡ್ ಗೋಪುರ ನಡುವಿನಲ್ಲಿರದೆ ಮೂಲೆಯಲ್ಲಿರುವುದು, ಹೀಗೆ.

ಇದನ್ನು ಮೆಚ್ಚದವರ ವಾದಗಳಲ್ಲಿ ಎರಡು ಬಗೆ. ಒಂದು ಸರಳವಾದುದು: ನೋಡಲು ಚೆನ್ನಾಗಿಲ್ಲ, ಮುರಿದ ಆಟಿಕೆಯಂತಿದೆ. ಇನ್ನೊಂದು ವಿಜ್ಞಾನದ ವೇಷ ತೊಟ್ಟದ್ದು: ತೂಕ ಒಂದೆಡೆ ವಾಲಿದ ನೌಕೆಯ ಇಂಜಿನನ್ನು ಚಾಲೂ ಮಾಡಿದರೆ ಅದು ಗಿರಕಿ ಹೊಡೆಯುತ್ತದೆ. ಮೆಚ್ಚುವವರು ಹೇಳುವುದೇನೆಂದರೆ, ಗಾಳಿಯಿಲ್ಲದ ಕಡೆ ವಿಮಾನದ ಅಚ್ಚಿನ ಅಗತ್ಯವಿಲ್ಲ; ನೂಕುಬಲದ ರೇಖೆ ದ್ರವ್ಯರಾಶಿ ಕೇಂದ್ರದ ಮೂಲಕ ಹಾದುಹೋದರೆ ಸಾಕು, ಎಡಬಲಗಳು ಕನ್ನಡಿಯ ಪ್ರತಿಬಿಂಬವಾಗಬೇಕಿಲ್ಲ; ಬೇರೆ ಆಟಗಳಲ್ಲಿ ಕಾಣದ ಈ ವಿಲಕ್ಷಣತೆಯೇ ಈವ್‌ನ ಮುಖಮುದ್ರೆ.

ಎರಡನೆಯ ಪಕ್ಷದ ವಾದಕ್ಕೆ ಆಧಾರವನ್ನು ಕಲ್ಪಿತ ಲೋಕದಲ್ಲಿ ಹುಡುಕಬೇಕಾಗಿಲ್ಲ. ಭಾರತದ ಇನ್ಸಾಟ್ ಸರಣಿಯ ಹಲವು ಉಪಗ್ರಹಗಳು ಉದ್ದೇಶಪೂರ್ವಕವಾಗಿಯೇ ಅಸಮಮಿತವಾಗಿದ್ದವು. ಅವುಗಳಲ್ಲಿದ್ದ ಹವಾಮಾನ ವೀಕ್ಷಣೆಯ ಉಪಕರಣದ ಅವಕೆಂಪು ಸಂವೇದಕವನ್ನು ಅತಿ ತಂಪಾಗಿ ಇಡಬೇಕಾಗಿದ್ದು, ಅದರ ಶೈತ್ಯಕವು ಅಡೆತಡೆಯಿಲ್ಲದೆ ಖಾಲಿ ಆಕಾಶವನ್ನು ನೋಡುತ್ತಿರಬೇಕಿತ್ತು. ಆ ಬದಿಯಲ್ಲಿ ಬಿಸಿಯಾದ ಸೌರಫಲಕವಿದ್ದರೆ ಅದರ ಶಾಖ ಶೈತ್ಯಕಕ್ಕೆ ತಗಲುತ್ತದೆ. ಆದ್ದರಿಂದ ಸೌರಫಲಕಗಳನ್ನೆಲ್ಲ ಒಂದೇ ಬದಿಗೆ ಇರಿಸಲಾಯಿತು. ಆಗ ಇನ್ನೊಂದು ತೊಡಕು ಎದುರಾಯಿತು: ಸೂರ್ಯನ ಬೆಳಕಿಗೂ ಅತ್ಯಲ್ಪ ಒತ್ತಡವಿದ್ದು, ಒಂದೇ ಬದಿಯ ಫಲಕವನ್ನು ಅದು ನಿರಂತರವಾಗಿ ತಳ್ಳಿ ಉಪಗ್ರಹವನ್ನು ತಿರುಗಿಸುತ್ತದೆ. ಇದನ್ನು ಸರಿದೂಗಿಸಲು ಎದುರು ಬದಿಯಲ್ಲಿ ಉದ್ದನೆಯ ಕೋಲಿನ ತುದಿಗೆ ಹಗುರವಾದ ಸೌರಹಾಯಿಯೊಂದನ್ನು ಕಟ್ಟಲಾಯಿತು. 1982ರ ಏಪ್ರಿಲ್‌ನಲ್ಲಿ ಹಾರಿದ, ಅಮೆರಿಕದಲ್ಲಿ ತಯಾರಾದ ಇನ್ಸಾಟ್-1ಎ ಉಪಗ್ರಹದಲ್ಲಿ ಈ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ದಿಕ್ಕನ್ನು ಕಾಯ್ದುಕೊಳ್ಳುವ ಇಂಧನ ಮುಗಿದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ನಿರುಪಯುಕ್ತವಾಯಿತು. 1992ರ ಜುಲೈನಲ್ಲಿ ಉಡಾವಣೆಯಾದ ಇನ್ಸಾಟ್-2ಎ, ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡದ್ದು, ಇದೇ ಒಂಟಿ ರೆಕ್ಕೆಯ ವಿನ್ಯಾಸವನ್ನು ಉಳಿಸಿಕೊಂಡಿತು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ ಈ ಸರಣಿಯ ಉಪಗ್ರಹಗಳನ್ನು ನಿಯಂತ್ರಿಸಲಾಗುತ್ತಿತ್ತು.

ಅಂದರೆ ನಿರ್ವಾತದಲ್ಲಿ ಅಸಮಮಿತಿ ಅಸಾಧ್ಯವಲ್ಲ, ಆದರೆ ಅದಕ್ಕೆ ಬೆಲೆ ತೆರಬೇಕು. ಈವ್‌ನ ನೌಕೆಗಳು ಆ ಬೆಲೆಯನ್ನು ತೆರುವುದಿಲ್ಲ. ಅಲ್ಲಿನ ಭೌತಶಾಸ್ತ್ರವು ನಿರ್ವಾತದ್ದಾಗಿರದೆ ನೀರಿನೊಳಗಿನದನ್ನು ಹೋಲುತ್ತದೆ: ಇಂಜಿನ್ ನಿಲ್ಲಿಸಿದರೆ ನೌಕೆ ತಾನಾಗಿ ನಿಲ್ಲುತ್ತದೆ, ಪ್ರತಿಯೊಂದಕ್ಕೂ ಗರಿಷ್ಠ ವೇಗವಿದೆ. ಹೀಗಾಗಿ ವಿಜ್ಞಾನವನ್ನು ಮುಂದಿಟ್ಟು ವಾದಿಸುವ ಎರಡೂ ಪಕ್ಷಗಳು ಅಂತಿಮವಾಗಿ ರುಚಿಯ ಪ್ರಶ್ನೆಗೇ ಮರಳಬೇಕಾಗುತ್ತದೆ.

ಮರುವಿನ್ಯಾಸಗಳು

2007ರ ಡಿಸೆಂಬರ್ 5ರಂದು ಬಂದ ಟ್ರಿನಿಟಿ ಎಂಬ ವಿಸ್ತರಣೆಯಲ್ಲಿ ಆಟದ ಎಲ್ಲ ನೌಕೆಗಳನ್ನೂ ಹೊಸದಾಗಿ, ಹೆಚ್ಚು ಸೂಕ್ಷ್ಮ ವಿವರಗಳೊಂದಿಗೆ ಮರುನಿರ್ಮಿಸಲಾಯಿತು. ಮೂಲ ಆಕಾರಗಳನ್ನು ಹೆಚ್ಚು ಕದಲಿಸದಿದ್ದುದರಿಂದ ಇದು ಬಹುಮಟ್ಟಿಗೆ ಸ್ವಾಗತ ಪಡೆಯಿತು. (ಆ ವಿಸ್ತರಣೆಯು ಕುಖ್ಯಾತವಾದದ್ದು ಬೇರೊಂದು ಕಾರಣಕ್ಕೆ: ಅದರ ದೋಷವೊಂದು ಕೆಲವು ಆಟಗಾರರ ವಿಂಡೋಸ್ ಎಕ್ಸ್‌ಪಿ ಗಣಕಗಳು ಆರಂಭವಾಗಲು ಬೇಕಾದ ಕಡತವನ್ನೇ ಅಳಿಸಿಹಾಕಿತು.)

ನಂತರದ ವರ್ಷಗಳಲ್ಲಿ ಸ್ಕಾರ್ಪಿಯನ್, ಮೋವಾ, ಟೆಂಪೆಸ್ಟ್, ಸ್ಟ್ಯಾಬರ್ ಮುಂತಾದ ನೌಕೆಗಳ ಆಕಾರಗಳನ್ನೇ ಒಂದೊಂದಾಗಿ ಬದಲಾಯಿಸಲಾಯಿತು. ಇವುಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ವಿನ್ಯಾಸಸೂತ್ರವನ್ನು ಗುರುತಿಸಬಹುದು. ಹೊಸ ನೌಕೆಯ ವಿವರಗಳು, ಬೆಳಕು, ಲೋಹದ ಹೊಳಪು ಇವುಗಳ ಬಗ್ಗೆ ಆಕ್ಷೇಪ ಕಡಿಮೆ. ದೂರದಿಂದ ಕಾಣುವ ಹೊರರೇಖೆ ಬದಲಾದಾಗ ಮಾತ್ರ ಹಳಬರು ತಕರಾರು ತೆಗೆಯುತ್ತಾರೆ. ಹಳೆಯ ಮೋವಾವನ್ನು ಕುರೂಪವೆಂದು ವರ್ಷಗಟ್ಟಲೆ ಗೇಲಿ ಮಾಡಿದವರಲ್ಲೇ ಕೆಲವರು ಅದು ಹೋದ ಮೇಲೆ ಅದಕ್ಕಾಗಿ ಮರುಗಿದರು. ಮರುವಿನ್ಯಾಸಗಳಿಂದ ಹಳೆಯ ಅಸಮಮಿತಿ ಸವೆದುಹೋಗುತ್ತಿದೆ, ನೌಕೆಗಳೆಲ್ಲ ಅಂದವಾಗಿ ಆದರೆ ಒಂದೇ ತೆರನಾಗಿ ಆಗುತ್ತಿವೆ ಎಂಬುದು ಇವರ ಮುಖ್ಯ ದೂರು.

ವಿನ್ಯಾಸಕಾರರ ಹಿಡಿತವೇ ತಪ್ಪಿದ ಪ್ರಸಂಗವೂ ಉಂಟು. 2009ರ ಮಾರ್ಚ್‌ನಲ್ಲಿ ಅಪೋಕ್ರಿಫಾ ವಿಸ್ತರಣೆಯೊಂದಿಗೆ ಟೆಂಗು, ಪ್ರೋಟಿಯಸ್, ಲೀಜನ್, ಲೋಕಿ ಎಂಬ ನಾಲ್ಕು ವಿಶೇಷ ನೌಕೆಗಳು ಬಂದವು. ಇವನ್ನು ಐದು ಭಾಗಗಳಿಂದ ಜೋಡಿಸಬೇಕಿದ್ದು, ಪ್ರತಿಯೊಂದು ಭಾಗಕ್ಕೂ ಹಲವು ಆಯ್ಕೆಗಳಿದ್ದವು. ಆಯ್ಕೆ ಬದಲಾದಂತೆ ನೌಕೆಯ ರೂಪವೂ ಬದಲಾಗುತ್ತಿತ್ತು. ಭಾಗವೊಂದಕ್ಕೆ ನಾಲ್ಕು ಆಯ್ಕೆಗಳಾದಾಗ ಒಂದೊಂದು ನೌಕೆಗೂ 1,024 ರೂಪಗಳು ಸಾಧ್ಯವಾದವು. ಇವೆಲ್ಲವೂ ಚೆಂದವಾಗಿರುವಂತೆ ನೋಡಿಕೊಳ್ಳುವುದು ಯಾವ ಕಲಾವಿದನಿಂದಲೂ ಆಗದ ಕೆಲಸ. ಆಟಗಾರರು ಕಾಳಗಕ್ಕೆ ಅನುಕೂಲವಾದ ಜೋಡಣೆಯನ್ನೇ ಆರಿಸುತ್ತಿದ್ದರಿಂದ, ಅಂದವಾದ ರೂಪಗಳು ಯಾರೂ ಬಳಸದೆ ಉಳಿದವು. 2017ರಲ್ಲಿ ಭಾಗಗಳನ್ನು ನಾಲ್ಕಕ್ಕೂ ಆಯ್ಕೆಗಳನ್ನು ಮೂರಕ್ಕೂ ಇಳಿಸಿದಾಗ ಒಂದೊಂದು ನೌಕೆಗೆ 81 ರೂಪಗಳು ಉಳಿದವು.

ಕಾಣದ ನೌಕೆ

ಈ ಎಲ್ಲ ಚರ್ಚೆಗೆ ಒಂದು ವಿಚಿತ್ರ ಹಿನ್ನೆಲೆಯಿದೆ. ನಿಜವಾದ ಕಾಳಗದ ವೇಳೆ ಆಟಗಾರರು ನೌಕೆಯನ್ನು ನೋಡುವುದು ಕಡಿಮೆ. ಎದುರಾಳಿ ಹತ್ತಾರು ಕಿಲೋಮೀಟರ್ ದೂರದಲ್ಲಿರುತ್ತಾನೆ. ಪರದೆಯಲ್ಲಿ ಆತ ಒಂದು ಪುಟ್ಟ ಚಿಹ್ನೆ ಮಾತ್ರ. ಬಲಬದಿಯ ಪಟ್ಟಿಯೊಂದರಲ್ಲಿ ಹೆಸರು, ದೂರ, ವೇಗ ಇವು ಸಾಲುಸಾಲಾಗಿ ಕಾಣುತ್ತಿರುತ್ತವೆ, ಕಣ್ಣು ಅಲ್ಲೇ ನೆಟ್ಟಿರುತ್ತದೆ. ಸಾವಿರಾರು ಜನ ಸೇರುವ ಸಮರಗಳಲ್ಲಿ ಗಣಕ ತಡವರಿಸದಿರಲೆಂದು ಚಿತ್ರಣದ ಗುಣಮಟ್ಟವನ್ನು ತಳಮಟ್ಟಕ್ಕೆ ಇಳಿಸಿಕೊಳ್ಳುವುದು ಸಾಮಾನ್ಯ ರೂಢಿ. ಈ ಆಟವನ್ನು ಆಕಾಶದಲ್ಲಿನ ಲೆಕ್ಕಪತ್ರ ಎಂದು ಹಾಸ್ಯ ಮಾಡುವುದುಂಟು. 2022ರಲ್ಲಿ ಮೈಕ್ರೋಸಾಫ್ಟ್ ಜೊತೆಗೂಡಿ ಎಕ್ಸೆಲ್ ತಂತ್ರಾಂಶಕ್ಕೆ ಆಟದ ಮಾಹಿತಿಯನ್ನು ನೇರವಾಗಿ ಜೋಡಿಸುವ ಯೋಜನೆಯನ್ನು ಸಿಸಿಪಿ ಪ್ರಕಟಿಸಿದಾಗ ಆ ಹಾಸ್ಯವೇ ನಿಜವಾಯಿತು.

ಹಾಗಾದರೆ ನೌಕೆಯನ್ನು ನೋಡುವುದು ಯಾವಾಗ? ನಿಲ್ದಾಣದಲ್ಲಿ ತಂಗಿದಾಗ, ದೀರ್ಘ ಪ್ರಯಾಣದಲ್ಲಿ, ಅದಿರು ಅಗೆಯುವ ನಿಧಾನದ ಗಂಟೆಗಳಲ್ಲಿ. ಅಂದರೆ ನೌಕೆಯ ಅಂದವು ಬಿಡುವಿನ ವೇಳೆಯ ಸಂಪತ್ತು. ಮುಂದೆ ಹೇಳುವ ಬಿಕ್ಕಟ್ಟಿನಲ್ಲಿ ಈ ಬಿಡುವಿನ ನೋಟವೇ ಆಟಗಾರರ ಬೇಡಿಕೆಗಳಲ್ಲಿ ಒಂದಾಯಿತು.

2011ರ ಬಿಕ್ಕಟ್ಟು

2011ರವರೆಗೆ ನಿಲ್ದಾಣದಲ್ಲಿ ತಂಗಿದ ಆಟಗಾರನು ತನ್ನ ನೌಕೆಯನ್ನು ದೊಡ್ಡ ತಂಗುಕಟ್ಟೆಯಲ್ಲಿ ನೋಡುತ್ತಿದ್ದನು. ಮೌಸ್‌ನಿಂದ ಎಳೆದು ಅದನ್ನು ಸುತ್ತಲೂ ತಿರುಗಿಸಬಹುದಿತ್ತು. ಸಂಗಡಿಗರಿಗಾಗಿ ಕಾಯುತ್ತ, ಹರಟುತ್ತ ನೌಕೆಯನ್ನು ಸುಮ್ಮನೆ ತಿರುಗಿಸುತ್ತಿರುವುದು ಎಲ್ಲರ ಅಭ್ಯಾಸವಾಗಿತ್ತು. 2011ರ ಜೂನ್ 21ರಂದು ಬಂದ ಇಂಕಾರ್ನಾ ವಿಸ್ತರಣೆಯು ಈ ನೋಟವನ್ನು ತೆಗೆದುಹಾಕಿತು. ಬದಲಿಗೆ ಆಟಗಾರನಿಗೆ ನಡೆದಾಡುವ ಮಾನವ ದೇಹವನ್ನೂ ಒಂಟಿಯಾಗಿ ಅಡ್ಡಾಡಲು ಒಂದು ಕೋಣೆಯನ್ನೂ ನೀಡಿತು. ಆ ದೇಹಕ್ಕೆ ತೊಡಿಸಲು ಉಡುಗೆಗಳನ್ನು ಮಾರುವ ಅಂಗಡಿಯೂ ತೆರೆಯಿತು. ಅಲ್ಲಿದ್ದ ಒಂಟಿ ಕನ್ನಡಕವೊಂದರ ಬೆಲೆ ನಿಜವಾದ ಹಣದಲ್ಲಿ 60 ಡಾಲರಿಗೂ ಮೇಲಿತ್ತು.

ಅದೇ ದಿನಗಳಲ್ಲಿ ಸಿಸಿಪಿಯ ಆಂತರಿಕ ಪತ್ರಿಕೆಯೊಂದು ಸೋರಿಕೆಯಾಗಿ, ಹಣಕ್ಕೆ ವಸ್ತುಗಳನ್ನು ಮಾರುವ ಕುರಿತ ಸಂಸ್ಥೆಯೊಳಗಿನ ಚರ್ಚೆ ಹೊರಬಿತ್ತು. ಇಂದು ಅಲಂಕಾರ, ನಾಳೆ ಬಲವಾದ ನೌಕೆ ಎಂಬ ಭಯ ಆಟಗಾರರಲ್ಲಿ ಹರಡಿತು. ಆಟದ ಪ್ರಮುಖ ವ್ಯಾಪಾರ ಕೇಂದ್ರವಾದ ಜಿಟಾದಲ್ಲಿ ಸಾವಿರಾರು ನೌಕೆಗಳು ಜಮಾಯಿಸಿ ಅಲ್ಲಿನ ಸ್ಮಾರಕಕ್ಕೆ ಗುಂಡು ಹಾರಿಸಿ ಪ್ರತಿಭಟಿಸಿದವು. ಅನೇಕರು ಚಂದಾ ನಿಲ್ಲಿಸಿದರು. ಆಟಗಾರರೇ ಮತ ಹಾಕಿ ಆರಿಸುವ, 2008ರಿಂದ ನಡೆದುಬಂದಿರುವ ಕೌನ್ಸಿಲ್ ಆಫ್ ಸ್ಟೆಲ್ಲಾರ್ ಮ್ಯಾನೇಜ್‌ಮೆಂಟ್ ಎಂಬ ಪ್ರತಿನಿಧಿ ಮಂಡಳಿಯನ್ನು ಸಿಸಿಪಿ ತುರ್ತಾಗಿ ರೇಕ್ಯಾವಿಕ್‌ಗೆ ಕರೆಸಿ ಮಾತುಕತೆ ನಡೆಸಿತು. ಅಕ್ಟೋಬರ್‌ನಲ್ಲಿ ಸಂಸ್ಥೆಯ ಮುಖ್ಯಸ್ಥ ಹಿಲ್ಮಾರ್ ವೇಗರ್ ಪೀಟರ್ಸನ್ ಬಹಿರಂಗ ಪತ್ರದಲ್ಲಿ ಕ್ಷಮೆ ಕೋರಿದರು. ಅದೇ ತಿಂಗಳು ಸಂಸ್ಥೆಯು ಸುಮಾರು ಶೇಕಡಾ 20ರಷ್ಟು ನೌಕರರನ್ನು ಕೆಲಸದಿಂದ ತೆಗೆಯಿತು.

ನವೆಂಬರ್ 29ರಂದು ಬಂದ ಕ್ರೂಸಿಬಲ್ ವಿಸ್ತರಣೆಯು ಪೂರ್ಣವಾಗಿ ನೌಕೆಗಳತ್ತ ಮುಖ ಮಾಡಿತ್ತು. ಕೆಲವು ವರ್ಷಗಳಿಂದ ಮಾಯವಾಗಿದ್ದ ಇಂಜಿನ್ನಿನ ಬೆಳಕಿನ ಜಾಡುಗಳು ಮರಳಿದವು, ಹಿನ್ನೆಲೆಯ ನೀಹಾರಿಕೆಗಳನ್ನು ಹೊಸದಾಗಿ ಚಿತ್ರಿಸಲಾಯಿತು, ನಾಲ್ಕು ಹೊಸ ಬ್ಯಾಟಲ್‌ಕ್ರೂಸರ್‌ಗಳು ಸೇರಿದವು. ನೌಕೆಯನ್ನು ತಿರುಗಿಸುವ ತಂಗುಕಟ್ಟೆಯ ನೋಟವೂ ಹಿಂದಿರುಗಿತು. ಎಷ್ಟು ಸುತ್ತು ತಿರುಗಿಸಿದಿರೆಂದು ಎಣಿಸುವ ಪುಟ್ಟ ಎಣಿಕೆಯೊಂದನ್ನೂ ಸಿಸಿಪಿ ವಿನೋದಕ್ಕಾಗಿ ಸೇರಿಸಿತು. ಮಾನವ ದೇಹದ ಕೋಣೆಯನ್ನು 2017ರಲ್ಲಿ ಆಟದಿಂದ ತೆಗೆಯಲಾಯಿತು.

ಈ ಬಿಕ್ಕಟ್ಟನ್ನು ಸಾಮಾನ್ಯವಾಗಿ ಹಣದ ವಿವಾದವೆಂದು ವಿವರಿಸಲಾಗುತ್ತದೆ. ಅದು ಸರಿಯೇ ಆದರೂ ಅರ್ಧ ಸತ್ಯ. ಎಂಟು ವರ್ಷ ನೌಕೆಯನ್ನೇ ತಮ್ಮ ಶರೀರವೆಂದು ಬಗೆದವರಿಗೆ ಕೇಳದೆಯೇ ಬೇರೊಂದು ಶರೀರವನ್ನು ಕೊಟ್ಟು, ಹಳೆಯದನ್ನು ಕಣ್ಣಿಂದ ಮರೆಮಾಡಿದ್ದು ಆಕ್ರೋಶದ ಇನ್ನರ್ಧ.

ಬಣ್ಣದ ಮಾರಾಟ

ವಿಚಿತ್ರವೆಂದರೆ ನೌಕೆಗೆ ಬಳಿಯುವ ಬಣ್ಣವನ್ನು ಮಾರಲು ಹೊರಟಾಗ ಅಂತಹ ದೊಡ್ಡ ಪ್ರತಿಭಟನೆ ಏಳಲಿಲ್ಲ. 2015ರಲ್ಲಿ ಸ್ಕಿನ್ ಎಂಬ ವ್ಯವಸ್ಥೆ ಜಾರಿಗೆ ಬಂದಿತು. ಒಮ್ಮೆ ಕೊಂಡ ಬಣ್ಣವು ನೌಕೆ ನಾಶವಾದರೂ ಉಳಿದು, ಅದೇ ಮಾದರಿಯ ಮುಂದಿನ ನೌಕೆಗೂ ಅನ್ವಯವಾಗುತ್ತದೆ. ಬಣ್ಣದಿಂದ ಕಾಳಗದಲ್ಲಿ ಯಾವ ಲಾಭವೂ ಇಲ್ಲ. ಆದರೂ ಆಕ್ಷೇಪಗಳಿಲ್ಲದಿಲ್ಲ. ತುಕ್ಕಿನ ಮಿನ್ಮಟಾರ್ ನೌಕೆಗೆ ಹೊಳೆಯುವ ಬಣ್ಣ ಬಳಿದರೆ ಅದರ ಇತಿಹಾಸವೇ ಅಳಿಸಿಹೋಗುತ್ತದೆ ಎನ್ನುವವರು ಒಂದೆಡೆ. ತನ್ನ ನೌಕೆಯನ್ನು ತಾನು ಬಯಸಿದಂತೆ ನೋಡುವುದು ತನ್ನ ಹಕ್ಕು ಎನ್ನುವವರು ಇನ್ನೊಂದೆಡೆ.

2022ರ ನವೆಂಬರ್‌ನ ಅಪ್‌ರೈಸಿಂಗ್ ವಿಸ್ತರಣೆಯು ಆಟಗಾರರ ಸಂಘಗಳ ಲಾಂಛನಗಳನ್ನು ನೌಕೆಯ ಮೈಮೇಲೆ ಹಾಕುವ ಸೌಲಭ್ಯ ಒದಗಿಸಿತು. ಇದು ಬಹುಕಾಲದ ಬೇಡಿಕೆಯಾಗಿತ್ತು. 2024ರ ಜೂನ್‌ನ ಈಕ್ವಿನಾಕ್ಸ್ ವಿಸ್ತರಣೆಯಿಂದ ಆಟಗಾರರು ತಾವೇ ಬಣ್ಣ ಮತ್ತು ವಿನ್ಯಾಸಗಳನ್ನು ಸಂಯೋಜಿಸಿ, ಅವನ್ನು ಇತರರಿಗೆ ಮಾರುವುದೂ ಸಾಧ್ಯವಾಯಿತು. ಆಕಾರವು ಮಾತ್ರ ಇಂದಿಗೂ ಸಂಸ್ಥೆಯ ಕೈಯಲ್ಲೇ ಇದೆ.

ಇತರ ಆಟಗಳಲ್ಲಿ

ಇದೇ ಪ್ರಶ್ನೆಗಳಿಗೆ ಇತರ ಆಟಗಳು ಬೇರೆ ಉತ್ತರಗಳನ್ನು ಕಂಡುಕೊಂಡಿವೆ. 2014ರ ಎಲೀಟ್ ಡೇಂಜರಸ್ 1984ರ ಕೋಬ್ರಾ ನೌಕೆಯ ಹೊರರೇಖೆಯನ್ನು ಗುರುತು ಸಿಗುವಂತೆ ಉಳಿಸಿಕೊಂಡಿತು. 2016ರ ನೋ ಮ್ಯಾನ್ಸ್ ಸ್ಕೈ ಆಟದಲ್ಲಿ ನೌಕೆಗಳನ್ನು ಗಣಕವೇ ಭಾಗಗಳಿಂದ ಜೋಡಿಸುತ್ತದೆ. ಮನಸ್ಸಿಗೆ ಒಪ್ಪುವ ನೌಕೆಯೊಂದು ಕಣ್ಣಿಗೆ ಬೀಳುವವರೆಗೆ ನಿಲ್ದಾಣದಲ್ಲಿ ಕಾಯುವುದೇ ಅಲ್ಲಿನ ಆಟಗಾರರಿಗೆ ಒಂದು ಹವ್ಯಾಸ. 2023ರ ಸ್ಟಾರ್‌ಫೀಲ್ಡ್ ಆಟವು ನೌಕೆಯನ್ನು ಕಟ್ಟುವ ಕೆಲಸವನ್ನು ಆಟಗಾರನಿಗೇ ಒಪ್ಪಿಸಿತು. ಜನರ ದೇಣಿಗೆಯಿಂದ 2012ರಲ್ಲಿ ಆರಂಭವಾದ ಸ್ಟಾರ್ ಸಿಟಿಜನ್ ಯೋಜನೆಯು ಇನ್ನೂ ತಯಾರಾಗದ ನೌಕೆಗಳನ್ನು ಚಿತ್ರ ತೋರಿಸಿಯೇ ಮಾರುತ್ತದೆ. ಅದರ ಸಂಗ್ರಹ 2022ರಲ್ಲಿ 50 ಕೋಟಿ ಡಾಲರ್ ದಾಟಿತು. ನೋಟಕ್ಕೆ ಜನ ಎಷ್ಟು ಬೆಲೆ ಕೊಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಆಟಗಳಿಗೆ ವಾಹನಗಳ ಮಾದರಿ ತಯಾರಿಸುವ ಉದ್ಯಮ ಕರ್ನಾಟಕಕ್ಕೂ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಫೋರ್ಜಾ ಸರಣಿಯ ಕಾರುಗಳೂ ಸೇರಿದಂತೆ ವಿದೇಶಿ ಆಟಗಳಿಗೆ ಚಿತ್ರಣ ಒದಗಿಸುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಕಾರಿನ ಮಾದರಿಗೆ ಮೂಲವಾದ ನಿಜವಾದ ಕಾರೊಂದು ಇರುತ್ತದೆ, ತಪ್ಪನ್ನು ಅಳತೆ ಹಿಡಿದು ತೋರಿಸಬಹುದು. ಗಗನನೌಕೆಗೆ ಅಂತಹ ಮೂಲವಿಲ್ಲ. ಅದರ ಸರಿತಪ್ಪುಗಳನ್ನು ತೀರ್ಮಾನಿಸುವವರು ಆಟಗಾರರು ಮಾತ್ರ.

ಮನ್ನಣೆ

2012ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯವು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಮೊದಲ 14 ವೀಡಿಯೊ ಆಟಗಳಲ್ಲಿ ಈವ್ ಆನ್‌ಲೈನ್ ಒಂದಾಗಿತ್ತು. ಲಕ್ಷಾಂತರ ಜನ ಒಟ್ಟಿಗೆ ಆಡುವ ಲೋಕವನ್ನು ಒಂದು ಗಣಕದಲ್ಲಿಟ್ಟು ಪ್ರದರ್ಶಿಸುವುದು ಸಾಧ್ಯವಿಲ್ಲದ ಕಾರಣ, 2013ರ ಪ್ರದರ್ಶನದಲ್ಲಿ ಆಟದ ದೃಶ್ಯಗಳ ಚಲನಚಿತ್ರವನ್ನು ತೋರಿಸಲಾಯಿತು. 2014ರಲ್ಲಿ ರೇಕ್ಯಾವಿಕ್‌ನ ಬಂದರಿನ ಬಳಿ ಶಿಲ್ಪಿ ಸಿಗುರ್ದುರ್ ಗುಡ್‌ಮುಂಡ್ಸನ್ ಅವರ ಕೃತಿಯಾದ ಸ್ಮಾರಕವೊಂದನ್ನು ಸ್ಥಾಪಿಸಲಾಯಿತು. ಅದರ ಪೀಠದ ಮೇಲೆ ಆಟಗಾರರ ಹೆಸರುಗಳನ್ನು ಕೆತ್ತಲಾಗಿದೆ.